ಚಾವಡಿಯ ಹೊಗೆಬಂಡಿ

ಅರುವತ್ತನ್ನು ದಾಟಿದ ಪಂಡಿತನೊಬ್ಬನು ಚಾವಡಿಯ ನೆಲದ ಮೇಲೆ ಮೊಣಕಾಲೂರಿ, ಕನ್ನಡಕವನ್ನು ಹಣೆಗೇರಿಸಿ, ಗೇಣುದ್ದದ ರೈಲು ಎಂಜಿನಿನ ಚಕ್ರಗಳನ್ನು ಬಟ್ಟೆಯಿಂದ ಒರಸುತ್ತಿರುವುದನ್ನು ಕಂಡವರು ಏನೆಂದಾರು? ಕಳೆದ ಆಟಿ ತಿಂಗಳಲ್ಲಿ ತಮ್ಮ ತಂದೆಯವರ ಶ್ರಾದ್ಧದ ತಿಥಿಯನ್ನು ಕೇಳಿಕೊಂಡು ಹೋಗಲೆಂದು ಬಂದಿದ್ದ ನೆರೆಮನೆಯವರು ಏನನ್ನೂ ಅನ್ನಲಿಲ್ಲ. ಬಾಗಿಲಲ್ಲಿ ನಿಮಿಷಮಾತ್ರ ನಿಂತು, ತಿಥಿಯನ್ನು ಕೇಳದೆಯೇ ಕೊಡೆಯನ್ನು ಬಿಡಿಸಿಕೊಂಡು ಹಿಂದಿರುಗಿದರು. ಅಂದಿನಿಂದ ನಮ್ಮ ಪಾಣೆಮಂಗಳೂರಿನ ಪೇಟೆಯಲ್ಲಿ ನನ್ನ ವಿಷಯವಾಗಿ ಏನೇನು ಮಾತು ನಡೆದಿದೆಯೋ ನಾನರಿಯೆನು. ಆ ಮಾತುಗಳಿಗೆ ಸಮಾಧಾನ ಹೇಳುವುದು ನನ್ನ ಉದ್ದೇಶವಲ್ಲ. ಮನೆಯೊಳಗಿನ ಒಂದು ಹಳೆಯ ಸಾಲವನ್ನು ಈ ಆಟಿಕೆಯ ಮೂಲಕ ಹೇಗೆ ಒಂದಿಷ್ಟು ತೀರಿಸಿದೆನೆಂಬುದನ್ನು ಹೇಳಬೇಕೆಂದಿದ್ದೇನೆ. ಮಕ್ಕಳುಮರಿಗಳುಳ್ಳ ಮನೆಗಳವರಿಗೆ ಇದರಿಂದ ಏನಾದರೂ ಪ್ರಯೋಜನವಾದೀತು.

ನನ್ನ ವಯಸ್ಸಿನವರಿಗೆ ಈ ಕಡೆಯಲ್ಲಿ ರೈಲೆಂಬುದು ಹುಟ್ಟಿನೊಡನೆ ಬಂದ ವಸ್ತುವಲ್ಲ. ಮಂಗಳೂರಿಗೆ 1907ರಲ್ಲಿಯೇ ಹೊಗೆಬಂಡಿ ಬಂದಿದ್ದರೂ ಅದು ತೆಂಕಣಕ್ಕೆ, ಕಾಸರಗೋಡು ಮಲೆಯಾಳಗಳ ಕಡೆಗೆ ಹೋಗುತ್ತಿತ್ತೇ ಹೊರತು ಘಟ್ಟವನ್ನು ಹತ್ತುತ್ತಿರಲಿಲ್ಲ. ಮಂಗಳೂರು ಹಾಸನಗಳ ನಡುವಣ ಮೀಟರು ಹಳಿಯ ಹಾದಿ ಪೂರ್ತಿಯಾಗಿ ತೆರೆದುದು 1979ರಲ್ಲಿ. ಬಂಟವಾಳದ ನಿಲ್ದಾಣವನ್ನು ಬಿಟ್ಟ ಗಾಡಿಯು ನೇತ್ರಾವತಿಯನ್ನು ದಾಟಿ ಪುತ್ತೂರಿನ ಕಡೆಗೆ ಹೊರಳುತ್ತದೆ. ಆ ಸೇತುವೆಯ ಸದ್ದು ರಾತ್ರಿಯ ಹೊತ್ತು ನಮ್ಮ ಮನೆಗೆ ಕೇಳಿಸುವುದುಂಟು. ಆಗ ನನಗೆ ಹದಿನೆಂಟು ವರ್ಷ. ಮೈಸೂರಿನ ಮಹಾರಾಜ ಸಂಸ್ಕೃತ ಪಾಠಶಾಲೆಯಲ್ಲಿ ಓದುತ್ತಿದ್ದ ನಾನು ರಜೆಗೆ ಬಂದು ಹೋಗುವಾಗ ಈ ಗಾಡಿಯಲ್ಲಿ ಹಾಸನದವರೆಗೆ ಹೋಗಿ ಅಲ್ಲಿಂದ ಮುಂದಣ ಗಾಡಿಯನ್ನು ಹಿಡಿಯುತ್ತಿದ್ದೆನು. ಸುಬ್ರಹ್ಮಣ್ಯ ರೋಡಿನಿಂದ ಸಕಲೇಶಪುರಕ್ಕೆ 55 ಕಿಲೋಮೀಟರು. ಅಷ್ಟರೊಳಗೆ 57 ಸುರಂಗಗಳು. ಅವನ್ನು ಒಂದೂ ಬಿಡದಂತೆ ಎಣಿಸಬೇಕೆಂಬುದು ನನ್ನ ಹಟ. ಆದರೆ ಅಮರಕೋಶವನ್ನು ತಪ್ಪಿಲ್ಲದೆ ಒಪ್ಪಿಸುತ್ತಿದ್ದ ನನಗೆ ಈ ಎಣಿಕೆಯು ಒಂದು ಸಲವೂ ಕಡೆಮುಟ್ಟಲಿಲ್ಲ. ಎಡಕುಮೇರಿಯ ಆಚೆಗೋ ಈಚೆಗೋ ಒಂದು ಹಳ್ಳವನ್ನು ನೋಡುತ್ತ ಮೈಮರೆತು ಲೆಕ್ಕ ತಪ್ಪುತ್ತಿತ್ತು.

ಮುಂದೆ ನಾನು ಪ್ರೌಢಶಾಲೆಯೊಂದರಲ್ಲಿ ಸಂಸ್ಕೃತದ ಉಪಾಧ್ಯಾಯನಾದೆನು; ಗೃಹಸ್ಥನಾದೆನು; ಒಬ್ಬನೇ ಮಗನು ಹುಟ್ಟಿದನು. ಅವನಿಗೆ ಐದು ವರ್ಷವಾಗಿದ್ದಾಗ ಅವನ ತಾಯಿ ಅವನನ್ನು ಈ ಗಾಡಿಯಲ್ಲಿ ಒಮ್ಮೆ ಹಾಸನಕ್ಕೆ ಕರೆದುಕೊಂಡು ಹೋಗಿದ್ದಳು. ಮರುವರ್ಷ, 1996ರಲ್ಲಿ, ಅಗಲಹಳಿಯನ್ನು ಹಾಕುವುದಕ್ಕಾಗಿ ಘಟ್ಟದ ಗಾಡಿಗಳನ್ನು ನಿಲ್ಲಿಸಿದರು. ಆ ಕೆಲಸ ಮುಗಿದು ಪ್ರಯಾಣಿಕರ ಗಾಡಿ ಮತ್ತೆ ಘಟ್ಟವನ್ನೇರಿದುದು 2007ರ ಡಿಸೆಂಬರಿನಲ್ಲಿ. ಒಬ್ಬ ಬಾಲಕನ ಬಾಲ್ಯವೆಲ್ಲ ಕಳೆದುಹೋಗುವಷ್ಟು ಕಾಲ! ಮಗನಾದರೋ ಅಷ್ಟು ಕಾಲ ಕಾಯಲಿಲ್ಲ. ಅಡಿಗೆಮನೆಯಲ್ಲಿ ಬರಿದಾದ ಬೆಂಕಿಪೆಟ್ಟಿಗೆಗಳನ್ನು ಕೂಡಿಸಿಟ್ಟು, ನೂಲಿನಿಂದ ಸಾಲಾಗಿ ಕಟ್ಟಿ, ಹಿಡಿಸೂಡಿಯ ಕಡ್ಡಿಗಳನ್ನೇ ಹಳಿಗಳಾಗಿ ಮಂಚದ ಕೆಳಗೆ ಹಾಸಿ, ನಿಂತುಹೋದ ಗಾಡಿಯನ್ನು ತಾನು ಓಡಿಸತೊಡಗಿದನು. ಅಡಕೆ ಹಾಳೆಯ ತುಂಡು ಸುರಂಗವಾಯಿತು. ನನ್ನ ಮರದ ಅಡ್ಡಣಿಗೆ ಸಕಲೇಶಪುರವಾಯಿತು.

1998ರ ಒಂದು ಸಂಜೆ. ರಾಮಶಬ್ದವನ್ನು ಒಪ್ಪಿಸಲು ಕರೆದರೆ ಮೂರು ಸಲ ಕರೆದರೂ ಅವನು ಬರಲಿಲ್ಲ. ಅಂದು ಶಾಲೆಯಲ್ಲಿ ಏನೋ ಬೇಸರದ ಸಂಗತಿ ನಡೆದಿತ್ತು. ಅದನ್ನು ಮನೆಗೆ ತಂದುದು ನನ್ನ ತಪ್ಪು. ಮಂಚದ ಕೆಳಗೆ ಬಗ್ಗಿ ಆ ಸಾಲನ್ನು ನೂಲುಸಹಿತ ಎಳೆದುಕೊಂಡು, ಬಚ್ಚಲ ಹಂಡೆಯ ಒಲೆಯಲ್ಲಿ ಹಾಕಿದೆನು. ಒಳಗೆ ಒಂದೆರಡು ಕಡ್ಡಿಗಳು ಉಳಿದಿದ್ದುವೋ ಏನೋ, ಭುಗಿಲೆಂದು ಹತ್ತಿತು. ಮಗನು ಅಳಲಿಲ್ಲ. ಒಲೆಯ ಮುಂದೆ ಸ್ವಲ್ಪ ಹೊತ್ತು ನಿಂತಿದ್ದು, ಬಂದು ಕುಳಿತು, ರಾಮಶಬ್ದವನ್ನು ಏಳು ವಿಭಕ್ತಿಗಳಲ್ಲಿಯೂ ತಪ್ಪಿಲ್ಲದೆ ಒಪ್ಪಿಸಿದನು. ಶಿಕ್ಷೆಯು ಫಲಕೊಟ್ಟಿತೆಂದು ನಾನು ಸಂತೋಷಪಟ್ಟೆನು. ಅಂಥ ಸಂತೋಷವನ್ನು ಶತ್ರುವಿಗೂ ಬಯಸಲಾರೆನು.

ಆಮೇಲೆ ಅವನು ಚೆನ್ನಾಗಿ ಓದಿದನು, ಎಂಜಿನಿಯರನಾದನು, ಬೆಂಗಳೂರಿನಲ್ಲಿ ನೆಲಸಿದನು. ತಂದೆಗೆ ಸಲ್ಲಬೇಕಾದ ಗೌರವದಲ್ಲಿ ಎಳ್ಳಷ್ಟೂ ಕೊರತೆಮಾಡಿದವನಲ್ಲ. ಆದರೆ ನಮ್ಮಿಬ್ಬರ ಮಾತೆಂಬುದು ಪ್ರಶ್ನೋತ್ತರಮಾಲಿಕೆಯಾಗಿಬಿಟ್ಟಿತ್ತು. ಭಾನುವಾರ ಬೆಳಗ್ಗೆ ಟೆಲಿಫೋನು ಬರುವುದು. ‘ಊಟ ಆಯಿತೋ, ಅಪ್ಪ?’ ‘ಇನ್ನು ಆಗಬೇಕಷ್ಟೆ.’ ‘ಮಳೆ ಉಂಟೋ?’ ‘ಉಂಟು.’ ‘ಅಮ್ಮನಿಗೆ ಕೊಡಿ.’ ಇಷ್ಟೇ. ಹಲವು ವರ್ಷಗಳ ಕಾಲ ಮಳೆ ಇದ್ದುದನ್ನೂ ಇಲ್ಲದುದನ್ನೂ ನಾನು ಅವನಿಗೆ ಸತ್ಯವಾಗಿ ವರದಿಮಾಡಿದ್ದೇನೆ. ಬೇರೊಂದು ಮಾತನ್ನಾಡಿದ ನೆನಪಿಲ್ಲ.

ಹೀಗಿರಲಾಗಿ ಕಳೆದ ಬೇಸಗೆಯ ರಜೆಯಲ್ಲಿ ಮಗನು ಹೆಂಡತಿಯನ್ನೂ ಎಂಟು ವರ್ಷದ ಹುಡುಗನನ್ನೂ ಕರೆದುಕೊಂಡು ಬಂದನು. ಸಾಮಾನುಗಳ ನಡುವೆ ಒಂದು ದೊಡ್ಡ ರಟ್ಟಿನ ಪೆಟ್ಟಿಗೆಯಿತ್ತು. ತೆರೆದರೆ ಎಂಜಿನು, ನಾಲ್ಕು ಗಾಡಿಗಳು, ತುಂಡು ತುಂಡಾದ ಹಳಿಗಳು. ಬೆಲೆಯನ್ನು ಕೇಳಿದೆನು. ಅದು ನನ್ನ ಮೊದಲ ವರ್ಷದ ಸಂಬಳಕ್ಕಿಂತಲೂ ಮಿಗಿಲಾಗಿತ್ತು. ‘ಇಷ್ಟು ಹಣಕ್ಕೆ ಒಂದು ಹಸು ಬರುತ್ತಿತ್ತು’ ಎಂಬ ಮಾತು ನಾಲಗೆಯ ತುದಿಗೆ ಬಂದಿತ್ತು; ಸೊಸೆ ಇದ್ದಾಳೆಂದು ನುಂಗಿಕೊಂಡೆನು.

ಚಾವಡಿಯ ನೆಲದ ಮೇಲೆ ತಂದೆಯೂ ಮಗನೂ ಹಳಿಗಳನ್ನು ಒಂದಕ್ಕೊಂದು ಸೇರಿಸಿದರು. ಈ ಆಟಿಕೆಯ ಲೋಕಕ್ಕೂ ಒಂದು ಶಾಸ್ತ್ರವಿದೆಯೆಂದು ನಾನು ಆಗ ತಿಳಿದೆನು. ಹಿರಿಯ ಗಾಡಿಯ 87ರಲ್ಲಿ ಒಂದು ಪಾಲು ಈ ಗಾಡಿ. ಐರೋಪ್ಯರ ಹಳಿಯ ಅಗಲ 1435 ಮಿಲಿಮೀಟರು. ಅದನ್ನು 87ರಿಂದ ಭಾಗಿಸಿದರೆ ಹದಿನಾರೂವರೆ. ಹಾಗೆಯೇ ಇದರ ಹಳಿಯ ಅಗಲವೂ ಹದಿನಾರೂವರೆ ಮಿಲಿಮೀಟರು. ನಮ್ಮ ದೇಶದ ಅಗಲಹಳಿ 1676 ಮಿಲಿಮೀಟರಾದುದರಿಂದ ಅದರ ಲೆಕ್ಕಕ್ಕೆ 19 ಮಿಲಿಮೀಟರಿಗೂ ಮಿಕ್ಕಿರಬೇಕು. ಗೋಡೆಯ ವಿದ್ಯುತ್ತಿನ 230 ವೋಲ್ಟನ್ನು ಒಂದು ಪೆಟ್ಟಿಗೆಯು 12 ವೋಲ್ಟಿಗೆ ಇಳಿಸಿ ಹಳಿಗಳಿಗೆ ಕೊಡುತ್ತದೆ. ಒಂದು ಹಳಿ ಧನ, ಇನ್ನೊಂದು ಋಣ. ಚಕ್ರಗಳ ಮೂಲಕ ಶಕ್ತಿಯು ಎಂಜಿನಿನ ಹೊಟ್ಟೆಯ ಮೋಟಾರಿಗೆ ಹೋಗುತ್ತದೆ. ಧನಋಣಗಳನ್ನು ಅದಲುಬದಲು ಮಾಡಿದರೆ ಮುಂದೆ ಹೋಗುತ್ತಿದ್ದ ಗಾಡಿ ಹಿಂದಕ್ಕೆ ಓಡುತ್ತದೆ. ಬೆಂಕಿಯಿಲ್ಲ, ಹೊಗೆಯಿಲ್ಲ, ಆದರೂ ಬಾಯಿಯ ರೂಢಿಯಿಂದ ನಾನು ಅದನ್ನು ಹೊಗೆಬಂಡಿಯೆಂದೇ ಕರೆಯುತ್ತೇನೆ.

ಗಾಡಿಯು ಕಂಬದ ಸುತ್ತ ಮೊದಲ ಪ್ರದಕ್ಷಿಣೆಯನ್ನು ಮುಗಿಸಿದಾಗ ಮೊಮ್ಮಗನು ಕೈತಟ್ಟಿದನು. ಮಗನ ಮುಖದಲ್ಲಿಯೂ, ಎಷ್ಟೋ ವರ್ಷಗಳ ಮೇಲೆ, ಮಂಚದ ಕೆಳಗಿನ ಹುಡುಗನು ಒಮ್ಮೆ ಇಣುಕಿ ಹೋದಂತೆ ನನಗೆ ಕಂಡಿತು. ಅಷ್ಟರಲ್ಲಿ ಮೊಮ್ಮಗನು ತಿರುಗಿ, ‘ಅಜ್ಜ, ಅಪ್ಪನಿಗೆ ಚಿಕ್ಕಂದಿನಲ್ಲಿ ರೈಲು ಇತ್ತೋ?’ ಎಂದು ಕೇಳಿದನು. ನಾನು ಬಾಯಿ ತೆರೆಯುವ ಮೊದಲೇ ಮಗನು, ‘ಇತ್ತು. ಬೆಂಕಿಪೆಟ್ಟಿಗೆಯದು’ ಎಂದನು. ‘ಈಗ ಎಲ್ಲಿ ಉಂಟು?’ ‘ಮಳೆಗಾಲದಲ್ಲಿ ನೆನೆದು ಹಾಳಾಯಿತು.’ ಹೀಗೆಂದು ಹಳಿಯ ಕಡೆಗೆ ಬಗ್ಗಿದನು. ನನ್ನ ಮಾನವನ್ನು ಉಳಿಸುವುದಕ್ಕಾಗಿ ಮಗನು ತನ್ನ ಮಗನಿಗೆ ಸುಳ್ಳಾಡಿದನು. ಸತ್ಯವನ್ನು ಕುರಿತು ವರ್ಷಕ್ಕೆ ಹತ್ತು ಪಾಠ ಹೇಳಿದ ನಾನು ಆ ಸುಳ್ಳಿನ ನೆರಳಿನಲ್ಲಿ ಸುಮ್ಮನೆ ಕುಳಿತಿದ್ದೆನು.

ರಜೆ ಮುಗಿಯಿತು. ‘ದಸರಕ್ಕೆ ಬರುತ್ತೇನೆ, ಅಜ್ಜ, ಅಷ್ಟರವರೆಗೆ ನೋಡಿಕೊಳ್ಳಿ’ ಎಂದು ಮೊಮ್ಮಗನು ಪೆಟ್ಟಿಗೆಯನ್ನು ನನ್ನ ವಶಕ್ಕೆ ಕೊಟ್ಟುಹೋದನು. ನ್ಯಾಸವಾಗಿ ಬಂದುದನ್ನು ಕಾಪಾಡುವುದು ಧರ್ಮ. ಕಾಪಾಡಬೇಕಾದರೆ ಆಗಾಗ ತೆರೆದು ನೋಡಬೇಕು. ನೋಡಿದ ಮೇಲೆ ಓಡಿಸಿ ಪರೀಕ್ಷಿಸದಿದ್ದರೆ ಹೇಗೆ? ಈ ಬಗೆಯ ತರ್ಕದಿಂದ ಆಷಾಢದ ಮಧ್ಯಾಹ್ನಗಳಲ್ಲಿ ನಾನು ಚಾವಡಿಯ ನೆಲಕ್ಕೆ ಇಳಿದೆನು. ನಮ್ಮ ಕರಾವಳಿಯ ಮಳೆಗಾಲವು ಈ ಆಟಿಕೆಗೆ ಶತ್ರು. ನಾಲ್ಕು ದಿನ ಬಿಟ್ಟರೆ ಸಾಕು, ಹಳಿಯ ಮೇಲೆ ಕಣ್ಣಿಗೆ ಕಾಣದ ಕಿಲುಬು. ಎಂಜಿನು ಎರಡು ಹೆಜ್ಜೆ ಹೋಗಿ ನಿಂತುಬಿಡುವುದು. ಹೀಗೆ ಒಂದು ಬುಧವಾರ, ಭಾನುವಾರವನ್ನು ಕಾಯದೆ, ಮಗನಿಗೆ ನಾನೇ ಟೆಲಿಫೋನು ಮಾಡಿದೆನು. ಅವನು ಗಾಬರಿಯಿಂದ, ‘ಏನಾಯಿತು, ಅಪ್ಪ? ಅಮ್ಮನಿಗೆ ಹುಷಾರಿಲ್ಲವೋ?’ ಎಂದನು. ‘ಅಮ್ಮ ಸುಖವಾಗಿದ್ದಾಳೆ. ಎಂಜಿನು ನಿಂತಿದೆ’ ಎಂದೆನು. ಆಚೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ, ಆಮೇಲೆ ನಗು. ಆ ನಗುವನ್ನು ನಾನು ಕೇಳಿ ಎಷ್ಟು ಕಾಲವಾಗಿತ್ತು! ಸ್ಪಿರಿಟಿನಲ್ಲಿ ಅದ್ದಿದ ಬಟ್ಟೆಯಿಂದ ಹಳಿಯನ್ನೂ ಚಕ್ರಗಳನ್ನೂ ಒರಸುವ ಕ್ರಮವನ್ನು ಅವನು ಹೇಳಿಕೊಟ್ಟನು.

ಮತ್ತೊಂದು ವಾರ ಮತ್ತೊಂದು ವಿಘ್ನ. ಒರಸಿದರೂ ಎಂಜಿನು ಹೋಗದು. ವಿಚಾರಿಸಿದರೆ, ‘ಪಾಪ, ಕಿರುಗುಟ್ಟುತ್ತಿತ್ತು, ಸ್ವಲ್ಪ ತೆಂಗಿನೆಣ್ಣೆ ಸವರಿದೆ’ ಎಂದು ಮನೆಯಾಕೆ ಒಪ್ಪಿಕೊಂಡಳು. ಬಾಗಿಲಿನ ತಿರುಗಣಿಗೆ ಹಿತವಾದುದು ಹಳಿಗೆ ಅಹಿತ. ಎಣ್ಣೆಯ ಪೊರೆಯು ವಿದ್ಯುತ್ತನ್ನು ತಡೆಯುತ್ತದೆ. ಇದನ್ನು ಕೇಳಿ ಮಗನು ಮತ್ತೆ ನಕ್ಕನು, ‘ಅಮ್ಮನಿಗೆ ಕೊಡಿ’ ಎಂದನು, ಅವರಿಬ್ಬರೂ ನಕ್ಕರು. ಮತ್ತೊಮ್ಮೆ ನಾನು ಹಾದಿಯನ್ನು ಸುತ್ತಿಸಿ, ಕವಲುಹಳಿಯಿಂದ ಅದೇ ಹಾದಿಗೆ ಮರಳಿ ಕೂಡಿಸಿದಾಗ ಪೆಟ್ಟಿಗೆಯ ದೀಪವೇ ಆರಿತು. ಹಾಗೆ ಮರಳಿದರೆ ಧನದ ಹಳಿಯು ಋಣದ ಹಳಿಯನ್ನು ಮುಟ್ಟುತ್ತದೆಯೆಂದೂ ಅಲ್ಲಿ ಒಂದು ತುಂಡನ್ನು ಬೇರ್ಪಡಿಸಿ ಇಡಬೇಕೆಂದೂ ಅವನು ವಿವರಿಸಿದನು. ನಾನು ನೋಟುಪುಸ್ತಕದಲ್ಲಿ ಬರೆದುಕೊಂಡೆನು. ಗುರುಶಿಷ್ಯರ ಸ್ಥಾನವು ಅದಲುಬದಲಾಗಿತ್ತು. ಶಿಷ್ಯನಾಗುವುದು ಇಷ್ಟು ಹಗುರವಾದ ಕೆಲಸವೆಂದು ನನಗೆ ತಿಳಿದಿರಲಿಲ್ಲ.

ವಿದ್ಯೆಯ ರುಚಿ ಹತ್ತಿದವನು ಮೂಲವನ್ನು ಹುಡುಕದಿರುವನೆ? ಈ ಪುಟ್ಟ ಗಾಡಿಗಳ ಕಥೆಯನ್ನೂ ಒಂದಿಷ್ಟು ಓದಿಕೊಂಡೆನು. ಜರ್ಮನಿಯ ಮೆರ್ಕ್ಲಿನ್ ಮನೆತನದವರು 1891ರಲ್ಲಿ ಲೈಪ್‌ಜಿಗ್ ನಗರದ ಜಾತ್ರೆಯಲ್ಲಿ ಅಳತೆಗೊಳಪಟ್ಟ ಹಳಿಗಳ ಆಟಿಕೆ ರೈಲನ್ನು ತೋರಿಸಿದರು. ಬೇಕಾದ ಹಾಗೆ ಕೊಂಡು ಸೇರಿಸುತ್ತ ಹೋಗುವ ಪದ್ಧತಿಗೆ ಇದು ಆಧಾರವಾಯಿತು. ಲಿವರ್‌ಪೂಲಿನ ಫ್ರಾಂಕ್ ಹಾರ್ನ್‌ಬಿ ಎಂಬವರು ಮೆಕಾನೋ ಎಂಬ ಜೋಡಿಸುವ ಆಟಿಕೆಯಿಂದ ಮೊದಲು ಹೆಸರುಗೊಂಡು, 1920ರಲ್ಲಿ ಕೀಲಿಕೊಡುವ ರೈಲನ್ನು ಹೊರತಂದರು. ಗ್ವಾಲಿಯರಿನ ಸಿಂಧಿಯಾ ಮಹಾರಾಜರ ಅರಮನೆಯಲ್ಲಿ ಊಟದ ಮೇಜಿನ ಸುತ್ತ ಅತಿಥಿಗಳಿಗೆ ಪಾನೀಯಗಳನ್ನು ಒಯ್ಯುತ್ತಿದ್ದ ಬೆಳ್ಳಿಯ ರೈಲೊಂದಿದೆ. ನಮ್ಮ ಮೈಸೂರಿನಲ್ಲಿ ರೈಲು ವಸ್ತುಸಂಗ್ರಹಾಲಯವು ಸ್ಥಾಪಿತವಾದುದು 1979ರಲ್ಲಿ, ಎಂದರೆ ನಮ್ಮ ಘಟ್ಟದ ಹಾದಿ ತೆರೆದ ವರ್ಷವೇ. ಪುಣೆಯಲ್ಲಿ ಜೋಶಿ ಎಂಬ ಮಹನೀಯರು ಜೀವಮಾನವೆಲ್ಲ ಕೂಡಿಸಿ ಮಾಡಿದ ಪುಟ್ಟ ರೈಲುಗಳ ಊರನ್ನೇ ಜನರಿಗೆ ತೋರಿಸಲು ಸಂಗ್ರಹಾಲಯವನ್ನು ತೆರೆದರು. ಅದರ ವರ್ಷವನ್ನು ಓದಿದಾಗ ನಾನು ಪುಸ್ತಕವನ್ನು ಮುಚ್ಚಿದೆನು. 1998. ಒಬ್ಬರು ಪರರ ಮಕ್ಕಳಿಗಾಗಿ ಬಾಗಿಲು ತೆರೆದ ವರ್ಷದಲ್ಲಿ ಇನ್ನೊಬ್ಬನು ತನ್ನ ಮಗನದನ್ನು ಒಲೆಗೆ ಹಾಕಿದ್ದನು.

ಅಂದೇ ನಿಶ್ಚಯಮಾಡಿಕೊಂಡೆನು. ಬೆಂಕಿಪೆಟ್ಟಿಗೆಗಳನ್ನು ಕೂಡಿಸತೊಡಗಿದೆನು. ಹಿಂದೆ ಅವು ತೆಳುವಾದ ಮರದವು. ಈಗ ಕಾಗದದ ರಟ್ಟಿನವು. ಆದರೂ ಆಕಾರಕ್ಕೆ ಕೊರತೆಯಿಲ್ಲ. ಹಳಿಯ ಮೇಲೆ ಓಡಬೇಕಾದರೆ ತಕ್ಕ ಚಕ್ರಗಳು ಬೇಕಷ್ಟೆ. ಮಗನಿಗೆ ಟೆಲಿಫೋನಿನಲ್ಲಿ, ‘ಹದಿನಾಲ್ಕು ಜೊತೆ ಬಿಡಿಚಕ್ರ ಬೇಕು’ ಎಂದೆನು. ‘ಯಾವುದಕ್ಕೆ?’ ‘ಬೆಂಕಿಪೆಟ್ಟಿಗೆಗಳ ಅಡಿಗೆ.’ ಅವನು ಮತ್ತೇನನ್ನೂ ಕೇಳಲಿಲ್ಲ. ವಾರದೊಳಗೆ ಅಂಚೆಯಲ್ಲಿ ಕಟ್ಟು ಬಂದಿತು. ಎಣಿಸಿದರೆ ಇಪ್ಪತ್ತೆರಡು ಜೊತೆ. ಒಂದೆರಡು ಮುರಿದರೂ ಇರಲಿ ಎಂದು ಹೆಚ್ಚಾಗಿ ಕಳುಹಿಸಿದನೆಂದುಕೊಂಡು, ನನ್ನ ನೆನಪಿನಲ್ಲಿದ್ದಂತೆ ಏಳು ಗಾಡಿಗಳನ್ನು ಮಾಡಿದೆನು. ಅಡಕೆ ಮರದ ಸಲಾಕೆಯನ್ನು ಸೀಳಿ ನೇತ್ರಾವತಿಗೆ ಒಂದು ಸೇತುವೆಯನ್ನು ಕಟ್ಟಿದೆನು. ಹಾಳೆಯು ತಾನಾಗಿಯೇ ಬಾಗಿರುವುದರಿಂದ ಸುರಂಗಕ್ಕೆ ಅದಕ್ಕಿಂತ ಉತ್ತಮವಾದ ವಸ್ತುವಿಲ್ಲ. ಆದರೆ ಘಟ್ಟವನ್ನು ಕಟ್ಟಲಾಗಲಿಲ್ಲ. ಅಲ್ಲಿಯ ಏರು 50ಕ್ಕೆ 1; ನಮ್ಮ ಚಾವಡಿಯ ಉದ್ದ ಇಪ್ಪತ್ತೆರಡು ಗೇಣು. ಈ ಕೊನೆಯಿಂದ ಆ ಕೊನೆಗೆ ಓಡಿದರೂ ಗಾಡಿಯು ಅರ್ಧ ಗೇಣಿನಷ್ಟೂ ಏರದು. ಪರ್ವತವನ್ನು ಏರಿಸಿದ ಎಂಜಿನಿಯರರ ಮೇಲೆ ನನಗೆ ಹೊಸದಾಗಿ ಗೌರವ ಹುಟ್ಟಿತು.

ನವರಾತ್ರಿಗೆ ಎಲ್ಲರೂ ಬಂದರು. ಪುಸ್ತಕಪೂಜೆಯ ದಿನ ಮೊಮ್ಮಗನು ಎಂಜಿನನ್ನು ತಂದು ನನ್ನ ಕೌಮುದಿಯ ಮಗ್ಗುಲಲ್ಲಿ ಇಟ್ಟು, ‘ಇದಕ್ಕೂ ಗಂಧ ಹಚ್ಚಿ, ಅಜ್ಜ’ ಎಂದನು. ಹಚ್ಚಿದೆನು. ಮರುದಿನ ಚಾವಡಿಯಲ್ಲಿ ಹಳಿಗಳನ್ನು ಹಾಸಿ, ಅಟ್ಟದಲ್ಲಿ ಬಚ್ಚಿಟ್ಟಿದ್ದ ಏಳು ಪೆಟ್ಟಿಗೆಗಳ ಸಾಲನ್ನು ತಂದು ಎಂಜಿನಿನ ಹಿಂದೆ ಇಟ್ಟೆನು. ಸೊಸೆಯೂ ಮನೆಯಾಕೆಯೂ ಅಡಿಗೆಮನೆಯಿಂದ ಬಂದು ನಿಂತರು. ನಾನು ಮೊಮ್ಮಗನಿಗೆ ಹೇಳಿದೆನು: ‘ಮಗೂ, ನಿನ್ನ ಅಪ್ಪನ ರೈಲು ಮಳೆಯಲ್ಲಿ ಹಾಳಾದುದಲ್ಲ. ನಾನು ಸಿಟ್ಟಿನಿಂದ ಬಚ್ಚಲ ಒಲೆಗೆ ಹಾಕಿದೆ. ಅವನದು ಏನೂ ತಪ್ಪಿರಲಿಲ್ಲ.’ ಹುಡುಗನು ನನ್ನನ್ನೂ ತಂದೆಯನ್ನೂ ನೋಡಿದನು. ಅವನ ಕಣ್ಣಿನಲ್ಲಿ ಅಜ್ಜನು ಸ್ವಲ್ಪ ಕಿರಿದಾದುದನ್ನು ಕಂಡೆನು. ಅದು ನ್ಯಾಯವೇ ಆಗಿತ್ತು.

ಮಗನು ಬಹಳ ಹೊತ್ತು ಸುಮ್ಮನಿದ್ದನು. ಆಮೇಲೆ ಎದ್ದು ಒಳಗೆ ಹೋಗಿ, ತಾಯಿಯ ಒಲೆಯ ಬಳಿಯಿಂದ ಪೆಟ್ಟಿಗೆಗಳನ್ನು ತಂದು, ಅವುಗಳಲ್ಲಿದ್ದ ಕಡ್ಡಿಗಳನ್ನು ಒಂದು ಬಟ್ಟಲಿಗೆ ಸುರಿದನು. ನಾಲ್ಕು ಪೆಟ್ಟಿಗೆಗಳು. ‘ಹನ್ನೊಂದಿದ್ದುವು, ಅಪ್ಪ’ ಎಂದನು.

ಸುಟ್ಟವನಿಗೆ ಏಳು, ಕಳೆದುಕೊಂಡವನಿಗೆ ಹನ್ನೊಂದು. ಇಪ್ಪತ್ತೆರಡು ಜೊತೆ ಚಕ್ರಗಳ ಲೆಕ್ಕವು ನನಗೆ ಆಗ ತಿಳಿಯಿತು.

ಮಿಕ್ಕ ನಾಲ್ಕಕ್ಕೂ ನಾವಿಬ್ಬರೂ ಕುಳಿತು ಚಕ್ರ ಹಾಕಿದೆವು. ಓಡಿಸಿದರೆ ಮೊದಲ ತಿರುವಿನಲ್ಲಿಯೇ ಸಾಲು ಹಳಿತಪ್ಪಿ ಮಗುಚಿತು. ಮಗನು ಪರೀಕ್ಷಿಸಿ, ಪೆಟ್ಟಿಗೆಗಳು ತೀರ ಹಗುರವಾಗಿವೆ, ಭಾರ ಬೇಕು ಎಂದನು. ಮೊಮ್ಮಗನು ಒಂದೊಂದರಲ್ಲಿಯೂ ಹುಣಿಸೆಬೀಜಗಳನ್ನು ತುಂಬಿದನು. ಮತ್ತೆಯೂ ಹಳಿತಪ್ಪಿತು. ಆಗ ಮಗನು ನನ್ನ ಗಂಟುಗಳನ್ನು ಬೆರಳಿನಿಂದ ಮುಟ್ಟಿ ನೋಡಿ, ‘ತುಂಬ ಬಿಗಿಯಾಗಿ ಕಟ್ಟಿದ್ದೀರಿ. ಕೊಂಡಿಯಲ್ಲಿ ಸಡಿಲವಿದ್ದರೇ ತಿರುವಿನಲ್ಲಿ ಒಂದರ ಹಿಂದೆ ಒಂದು ಹೊರಳುತ್ತದೆ. ಹೊರಡುವಾಗಲೂ ಎಂಜಿನು ಎಲ್ಲ ಭಾರವನ್ನೂ ಒಮ್ಮೆಲೇ ಎಳೆಯಬೇಕಾಗುವುದಿಲ್ಲ; ಒಂದೊಂದಾಗಿ ಎಳೆದುಕೊಳ್ಳುತ್ತದೆ’ ಎಂದನು. ಅವನು ರೈಲನ್ನು ಕುರಿತೇ ಹೇಳಿದನು. ಸಂಧಿ ಸಮಾಸಗಳನ್ನು ಮೂವತ್ತೈದು ವರ್ಷ ಕಲಿಸಿದ ನಾನು, ಎರಡು ಪದಗಳು ಬಿಗಿಯಾಗಿ ಕೂಡುವುದೇ ಗುಣವೆಂದು ನಂಬಿದ್ದವನು, ನೂಲನ್ನು ಬಿಚ್ಚಿ ಪ್ರತಿಯೊಂದು ಗಂಟಿಗೂ ಅರ್ಧ ಬೆರಳಿನಷ್ಟು ಸಡಿಲ ಕೊಟ್ಟು ಮತ್ತೆ ಕಟ್ಟಿದೆನು.

ಗಾಡಿ ಹೊರಟಿತು. ಸಲಾಕೆಯ ಸೇತುವೆಯನ್ನು ದಾಟಿ, ಹಾಳೆಯ ಸುರಂಗವನ್ನು ಹೊಕ್ಕು, ಹನ್ನೊಂದು ಪೆಟ್ಟಿಗೆಗಳೂ ಒಂದರ ಹಿಂದೆ ಒಂದು ಹೊರಬಂದುವು. ಘಟ್ಟದಲ್ಲಿ 57 ಸುರಂಗಗಳಿವೆಯೆಂದು ತಿಳಿದ ಮೊಮ್ಮಗನು, ಒಂದೇ ಸುರಂಗವಾದರೆ ಐವತ್ತೇಳು ಸಲ ಹೋಗಲಿ ಎಂದನು. ಎಲ್ಲರೂ ಸುತ್ತ ಕುಳಿತು ಎಣಿಸಿದೆವು. ಮೂವತ್ತರ ಹತ್ತಿರ ಎಂಜಿನು ಏದುಸಿರುಬಿಡತೊಡಗಿತು. ಘಟ್ಟದಲ್ಲಿ ಹಿಂದಿನಿಂದ ತಳ್ಳಲು ಇನ್ನೊಂದು ಎಂಜಿನನ್ನು ಕೊಡುವಂತೆ ಮೊಮ್ಮಗನು ತನ್ನ ಬೆರಳನ್ನು ಕೊಟ್ಟನು. ನಲುವತ್ತರಲ್ಲಿ ನಾನು ಎಣಿಕೆ ತಪ್ಪಿದೆನು, ಮಗನು ಮುಂದುವರಿಸಿದನು. ಐವತ್ತೇಳಕ್ಕೆ ಮುಟ್ಟಿತು. ಹದಿನೆಂಟರ ಪ್ರಾಯದಲ್ಲಿ ಒಬ್ಬನೇ ಕುಳಿತು ಎಣಿಸಿ ಮುಗಿಸಲಾರದ ಲೆಕ್ಕವು ಹೀಗೆ ಪೂರ್ಣವಾಯಿತು.

ಮಕ್ಕಳ ಆಟಕ್ಕೆ ಹಿರಿಯರು ಹಣವನ್ನು ಕೊಡಬಲ್ಲರು, ಸಮಯವನ್ನೂ ಕೊಡಬಲ್ಲರು. ನೆಲಕ್ಕೆ ಇಳಿದು ಕೂರುವುದು ಮಾತ್ರ ಕಷ್ಟ. ಆದರೆ ಮೊಣಕಾಲು ನೋಯುವ ಮೊದಲೇ ಇಳಿಯುವುದು ಲೇಸೆಂದು, ತಡಮಾಡಿ ಇಳಿದವನಾಗಿ ಹೇಳುತ್ತೇನೆ. ಗ್ವಾಲಿಯರಿನ ಬೆಳ್ಳಿಯೇ ಬೇಕೆಂದಿಲ್ಲ; ಹಿಡಿಸೂಡಿಯ ಕಡ್ಡಿಯೂ ಸಾಕು.

ಈಗ ಅವರೆಲ್ಲ ಬೆಂಗಳೂರಿಗೆ ಮರಳಿದ್ದಾರೆ. ಭಾನುವಾರದ ಟೆಲಿಫೋನು ಬರುತ್ತದೆ. ಮಳೆಯ ವರದಿಯೂ ನಡೆಯುತ್ತದೆ. ಆದರೆ ಅದು ಅಲ್ಲಿಗೇ ನಿಲ್ಲುವುದಿಲ್ಲ. ಕೊಂಡುತಂದ ಗಾಡಿಯು ಅಟ್ಟದಲ್ಲಿದೆ. ಹನ್ನೊಂದು ಪೆಟ್ಟಿಗೆಗಳ ಸಾಲು ನನ್ನ ಪುಸ್ತಕಗಳ ಕಪಾಟಿನಲ್ಲಿದೆ. ಮನೆಯಾಕೆ ಬರಿದಾದ ಬೆಂಕಿಪೆಟ್ಟಿಗೆಗಳನ್ನು ಈಗ ಎಸೆಯುವುದಿಲ್ಲ.